ಜನಸಂದಣಿಯಲ್ಲಿ ಸಂಕಲ್ಪ

ಗುರಿಯ ಕಡೆಗೆ ಸೆಳೆಯುವ ಬಲವೊಂದು, ನೆರೆಯವನಿಂದಲೂ ಗೋಡೆಯಿಂದಲೂ ದೂರ ಸರಿಸುವ ಬಲ ಮತ್ತೊಂದು ಎಂದು ಕಲ್ಪಿಸಿ, 1995ರಲ್ಲಿ ಡಿರ್ಕ್ ಹೆಲ್ಬಿಂಗ್ ಮತ್ತು ಪೀಟರ್ ಮೋಲ್ನಾರ್ ಎಂಬ ವಿಜ್ಞಾನಿಗಳು ಪಾದಚಾರಿಯನ್ನು ಗಣಕಯಂತ್ರದೊಳಗಿನ ಕಣವನ್ನಾಗಿ ಮಾಡಿದಾಗ, ಎದುರುಬದುರಾಗಿ ನಡೆಯುವವರು ಯಾರ ಅಪ್ಪಣೆಯೂ ಇಲ್ಲದೆ ಸಾಲುಸಾಲಾಗಿ ಬೇರ್ಪಡುವುದು ತಾನಾಗಿಯೇ ಕಾಣಿಸಿಕೊಂಡಿತು. ಆತ್ಮವನ್ನು ಲೆಕ್ಕಕ್ಕೇ ಹಿಡಿಯದ ಗಣಿತ ಇಷ್ಟು ಚೆನ್ನಾಗಿ ಫಲಿಸುವುದಾದರೆ, ನಮ್ಮ ಇಚ್ಛಾಸ್ವಾತಂತ್ರ್ಯದ ಗತಿಯೇನು?

2006ರ ಜನವರಿಯಲ್ಲಿ, ಹಜ್ ಯಾತ್ರೆಯ ವೇಳೆ, ಮಿನಾದ ಜಮರಾತ್ ಸೇತುವೆಯ ಬಳಿ ನೂಕುನುಗ್ಗಲಿಗೆ ಸಿಕ್ಕಿ 300ಕ್ಕೂ ಹೆಚ್ಚು ಮಂದಿ ಮಡಿದರು. ಅಲ್ಲಿಯ ವಿಡಿಯೊ ದೃಶ್ಯಗಳನ್ನು ಹೆಲ್ಬಿಂಗರೂ ಸಂಗಡಿಗರೂ ಪರಿಶೀಲಿಸಲಾಗಿ, ಸಾಂದ್ರತೆ ಏರಿದಂತೆಲ್ಲ ಸಲೀಸಾದ ಪ್ರವಾಹವು ಮೊದಲು ನಿಂತು ನಿಂತು ಸಾಗುವ ಅಲೆಗಳಾಗಿ, ಅನಂತರ ದೇಹಗಳನ್ನು ದಿಕ್ಕುದಿಕ್ಕಿಗೆ ನೂಕುವ ಪ್ರಕ್ಷೋಭವಾಗಿ ಮಾರ್ಪಟ್ಟದ್ದು ತಿಳಿದುಬಂದಿತು. ಸೈತಾನನ ಸಂಕೇತಕ್ಕೆ ಕಲ್ಲೆಸೆದು ಕೇಡನ್ನು ನಿರಾಕರಿಸಲೆಂದೇ ಬಂದ ಆ ಯಾತ್ರಿಕರಲ್ಲಿ ಪಕ್ಕದವನನ್ನು ನೋಯಿಸುವ ಬಯಕೆ ಯಾರಿಗೂ ಇದ್ದಿರಲಾರದು; ಆದರೂ ಕೊಂದ ಒತ್ತಡ ಹುಟ್ಟಿದ್ದು ಅವರ ಮೈಗಳಿಂದಲೇ. ಕರ್ಮದ ಬೆಲೆ ನಿಯ್ಯತ್ತಿನಲ್ಲಿ, ಎಂದರೆ ಸಂಕಲ್ಪದಲ್ಲಿ, ಇದೆಯೆನ್ನುವ ಧರ್ಮದ ದೃಷ್ಟಿಯಲ್ಲಿ, ಸಂಕಲ್ಪವೇ ಇಲ್ಲದ ಈ ಕರ್ಮದ ಕರ್ತೃ ಯಾರು?

ವಿಧಿಯೆಂದು ಕೈಚೆಲ್ಲುವುದು ಸುಲಭ. ಈ ವಿಷಯದಲ್ಲಿ ಭಕ್ತರೂ ಅಧಿಕಾರಿಗಳೂ ಬಹುಬೇಗ ಒಮ್ಮತಕ್ಕೆ ಬರುತ್ತಾರೆ! ನನಗೆ ತೋರುವಂತೆ, ಹೆಜ್ಜೆಯನ್ನು ಆರಿಸುವ ಸ್ವಾತಂತ್ರ್ಯ ನಲುಗಿಹೋಗುವ ಆ ಕ್ಷಣಕ್ಕಿಂತ ಎಷ್ಟೋ ಮೊದಲೇ, ದಾರಿಯ ಅಗಲವನ್ನೂ ತಿರುವನ್ನೂ ವೇಳೆಯನ್ನೂ ಗೊತ್ತುಮಾಡಿದವರ ಮೇಜಿನ ಮೇಲೆ ಕರ್ತೃತ್ವವು ಕುಳಿತಿರುತ್ತದೆ. ಆ ದುರಂತದ ಬಳಿಕ ಹಳೆಯ ಸೇತುವೆಯನ್ನು ಕೆಡವಿ, ಜನಪ್ರವಾಹವು ಒಂದೇ ದಿಕ್ಕಿನಲ್ಲಿ ಸಾಗುವಂತೆ ಹಲವು ಅಂತಸ್ತುಗಳ ಹೊಸ ಸೇತುವೆಯನ್ನು ಅಲ್ಲಿ ಕಟ್ಟಲಾಯಿತು.