ಬಸುರಿಯ ಚಿಂತೆಗೆ ಹೊಣೆ ಯಾರು?



ಆದವಾನಿಯ ಪೇಟೆಯಲ್ಲಿ ಹತ್ತಿಯ ದರ ಬಿದ್ದ ದಿನ ಅದರ ಬಿಸಿ ಅಡುಗೆಮನೆಗೂ ತಟ್ಟುತ್ತದೆ. ದಲಾಲರ ಮುಂದೆ ನುಂಗಿಕೊಂಡ ಸಿಟ್ಟನ್ನು ನಾವು ಗಂಡಸರು ಮನೆಯಲ್ಲಿ ಕಾರುತ್ತೇವೆ. ಮನೆಯಲ್ಲಿ ಬಸುರಿ ಸೊಸೆಯಿದ್ದರೆ ಆ ಸಂಕಟ ಅವಳ ಹೊಟ್ಟೆಯ ಕೂಸಿಗೂ ಮುಟ್ಟುತ್ತದೆಯೇ? ಮುಟ್ಟುವುದಾದರೆ ತಪ್ಪು ಯಾರದು? ಈ ಪ್ರಶ್ನೆಯನ್ನು ಈ ಸಲ ತಮ್ಮ ಮುಂದಿಡುತ್ತಿದ್ದೇವೆ.

ನಮ್ಮ ಹಿರಿಯರಿಗೆ ಇದು ಹೊಸ ವಿಚಾರವಲ್ಲ. ಎಂಟನೆಯ ತಿಂಗಳಲ್ಲಿ ಗರ್ಭಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮಲ್ಲಿದೆ. ಹುಟ್ಟುವ ಮೊದಲೇ ಕೂಸಿಗೆ ಲಿಂಗ ಕೊಟ್ಟರೆಂದರೆ, ಅದನ್ನು ಆಗಲೇ ಒಬ್ಬ ಭಕ್ತನೆಂದು ಒಪ್ಪಿಕೊಂಡಂತಾಯಿತು. ಹಾಗೆ ಒಪ್ಪಿದ ಮೇಲೆ ಅದನ್ನು ಹೊತ್ತ ತಾಯಿಯನ್ನು ನೋಯಿಸುವುದು ಯಾವ ಧರ್ಮ?

ಇಂದಿನ ವೈದ್ಯಶಾಸ್ತ್ರವೂ ಇದನ್ನು ಪರೀಕ್ಷಿಸಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991–92ರಲ್ಲಿ ಸಾವಿರಾರು ಬಸುರಿಯರನ್ನು ನೋಂದಾಯಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ದಿನ ತುಂಬುತ್ತಿದ್ದಾಗ ತೀವ್ರ ಆತಂಕದಲ್ಲಿದ್ದ ತಾಯಂದಿರ ಮಕ್ಕಳಲ್ಲಿ ನಾಲ್ಕನೆಯ ವರ್ಷದ ಹೊತ್ತಿಗೆ ಅಂಜಿಕೆ, ಹಟ, ಚಂಚಲತೆಯ ತೊಂದರೆಗಳು ಸುಮಾರು ಎರಡು ಪಟ್ಟು ಕಂಡವೆಂದು 2002ರಲ್ಲಿ ಪ್ರಕಟವಾಯಿತು. ಚಿಂತೆಯಾದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಮಾಸು ಅದರ ಬಹುಪಾಲನ್ನು ತಡೆದರೂ ಪೂರ್ತಿ ತಡೆಯಲಾರದು. ಆದರೆ ತಾಯಂದಿರು ಹೆದರಬೇಕಾಗಿಲ್ಲ. ಅಂಥ ತಾಯಂದಿರ ಮಕ್ಕಳಲ್ಲಿಯೂ ಹೆಚ್ಚಿನವರು ಚೆನ್ನಾಗಿಯೇ ಬೆಳೆದರು. ಎತ್ತಿ ಆಡಿಸಿ, ಅತ್ತಾಗ ಓಗೊಟ್ಟು ಬೆಳೆಸಿದರೆ ಕೂಸಿನ ಮನಸ್ಸು ನೆಮ್ಮದಿಗೊಳ್ಳುತ್ತದೆ.

ಇದನ್ನು ಓದಿ, "ಚಿಂತೆ ಮಾಡಬೇಡವ್ವಾ, ಕೂಸಿಗೆ ಕೆಟ್ಟದ್ದು" ಎಂದು ಸೊಸೆಗೆ ಬುದ್ಧಿ ಹೇಳಹೊರಟರೆ ಅವಳಿಗೆ ಇನ್ನೊಂದು ಚಿಂತೆ ಕೊಟ್ಟಂತೆ. ಒಬ್ಬನು ಮಾಡಿದ ಸಾಲವನ್ನು ಇನ್ನೊಬ್ಬರ ಖಾತೆಗೆ ಬರೆಯುವುದು ಮೋಸವೆಂದು ನಮ್ಮ ವ್ಯಾಪಾರಿ ಬಂಧುಗಳು ಬಲ್ಲರು. ಬೀಜ ಗೊಬ್ಬರದ ಸಾಲ, ಗಂಡನ ಕುಡಿತ, ಮಳೆ ಕೈಕೊಟ್ಟ ವರ್ಷ ಬಸುರಿಯನ್ನೂ ಕರೆದುಕೊಂಡು ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಹೋಗುವ ಗುಳೆ, "ಈ ಸಲ ಗಂಡೇ ಆಗಬೇಕು" ಎಂಬ ಮಾತು, ಇವು ಯಾವುವೂ ಅವಳು ಮಾಡಿಕೊಂಡದ್ದಲ್ಲ.

ಈ ಕೊನೆಯ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ಮೊದಲನೆಯದು ಹೆಣ್ಣು. ಎರಡನೆಯ ಸಲ ಕುಬಸದ ದಿನವೇ ಹಿರಿಯರೊಬ್ಬರು ಹಾಗೆಂದರು. ಗಂಡೋ ಹೆಣ್ಣೋ ಎಂಬುದು ತಂದೆಯ ಅಂಶದಿಂದ ನಿಶ್ಚಯವಾಗುತ್ತದೆಂದು ಗೊತ್ತಿದ್ದೂ ನಾವು ಬಾಯಿ ಬಿಡಲಿಲ್ಲ. ಅಂದಿನಿಂದ ನಮ್ಮ ಮನೆಯವರು ನೆಟ್ಟಗೆ ನಿದ್ದೆ ಮಾಡಲಿಲ್ಲ. ಎರಡನೆಯದೂ ಹೆಣ್ಣೇ ಆಯಿತು. ಕೂಸನ್ನು ಮಗ್ಗುಲಿಗೆ ಹಾಕಿದಾಗ ಅವರು ಅದರ ಮುಖ ನೋಡುವ ಮೊದಲು ನಮ್ಮ ಮುಖ ನೋಡಿದರು. ಆ ನೋಟವನ್ನು ಇಂದಿಗೂ ಮರೆತಿಲ್ಲ.

ಹೆರಿಗೆಯಾಗಿ ಎರಡು ವಾರ ದಾಟಿದರೂ ಬಾಣಂತಿ ಅಳುತ್ತಿದ್ದರೆ, ಕೂಸಿನ ಕಡೆ ಮನಸ್ಸೇ ಹೋಗದಿದ್ದರೆ, ಅದನ್ನು ಗಾಳಿ, ಸೋಗು ಎನ್ನದೆ ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಕೂಸನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಹೇಳುತ್ತದೆ. ಸರ್ಕಾರದ 14416 ಸಂಖ್ಯೆಗೆ ಖರ್ಚಿಲ್ಲದೆ ಫೋನ್ ಮಾಡಿ ಸಲಹೆ ಪಡೆಯಬಹುದು.

ಮನೆಯ ಕಷ್ಟವನ್ನು ಬಸುರಿಯಿಂದ ಮುಚ್ಚಿಡಬೇಕೆಂದು ನಾವು ಹೇಳುತ್ತಿಲ್ಲ. ಕೂಗಾಡದೆ, ಹತ್ತಿರ ಕೂತು, "ಇದನ್ನು ನಾವು ನೋಡಿಕೊಳ್ಳುತ್ತೇವೆ" ಎಂದು ತಿಳಿಯಹೇಳಿದರೆ ಸಾಕು. ಗರ್ಭಲಿಂಗಧಾರಣೆಯ ದಿನ ಗೊತ್ತುಮಾಡಲು ಮಠಕ್ಕೆ ಬರುವ ಭಕ್ತರಲ್ಲಿ ನಮ್ಮದೊಂದು ವಿನಂತಿ. ಅಂದು ಮನೆಯ ಗಂಡಸರೂ ಎದುರಿಗೆ ಕೂತು, "ಗಂಡಾಗಲಿ ಹೆಣ್ಣಾಗಲಿ, ಈ ಕೂಸು ನಮ್ಮದು" ಎಂದು ಆ ತಾಯಿ ಕೇಳುವಂತೆ ಹೇಳಬೇಕು. ನಾವು ಅಂದು ಹೇಳದೆ ಹೋದ ಮಾತು ಅದೇ.