ಬರಿದಾಗಿ ಉಳಿದ ಪಾತ್ರೆಗಳು

ಅರಸುಗಳ ಎರಡನೆಯ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ವಿಧವೆಯ ಸಂಗತಿ ಉಂಟು. ಆಕೆಯ ಗಂಡನು ದೇವಭಕ್ತನಾಗಿದ್ದರೂ ಸಾಲವನ್ನು ಬಿಟ್ಟು ಸತ್ತನು. ಸಾಲ ಕೊಟ್ಟವನು ಬಂದು ಕೈಯಿಟ್ಟದ್ದು ಆಕೆಯ ಇಬ್ಬರು ಗಂಡುಮಕ್ಕಳ ಮೇಲೆ. ಅವರನ್ನು ದಾಸರನ್ನಾಗಿ ಒಯ್ಯಬೇಕೆಂದಿದ್ದನು. ಆ ಹುಡುಗರು ಸಾಲಮಾಡಿದವರಲ್ಲ, ಪತ್ರಕ್ಕೆ ಒಪ್ಪಿದವರೂ ಅಲ್ಲ. ಆದರೂ ಬಡತನವು ಮನೆಯೊಳಗೆ ಹೊಕ್ಕರೆ ಮೊದಲು ಹಿಡಿಯುವದು ಮಕ್ಕಳನ್ನೇ. ಆಕೆಯು ಎಲೀಷನ ಬಳಿಗೆ ಹೋಗಿ ಮೊರೆಯಿಟ್ಟಾಗ ಅವನು ಏನು ಕೇಳಿದನೆಂಬದನ್ನು ಲಕ್ಷ್ಯವಿಟ್ಟು ಓದಿರಿ. ತಾನು ಏನು ಮಾಡಬೇಕೆಂದು ಕೇಳಿದನು; ಮನೆಯಲ್ಲಿ ಏನಿದೆಯೆಂದು ಕೇಳಿದನು. ಗಂಡನು ಯಾತಕ್ಕೆ ಸಾಲಮಾಡಿದನೆಂದು ಕೇಳಲಿಲ್ಲ.

ದೂರದ ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ 2021ನೇ ಇಸವಿಯಲ್ಲಿ ನಡೆದ ಒಂದು ಕಾರ್ಯದ ವಿಷಯವಾಗಿ ಓದುವಾಗ ಈ ವಿಧವೆಯ ನೆನಪು ನಮಗೆ ಬಂತು. ಐಶ್ವರ್ಯಕ್ಕೆ ಹೆಸರಾದ ಆ ದೇಶದಲ್ಲಿಯೂ ಕೊರತೆಯುಳ್ಳ ಮಕ್ಕಳಿದ್ದಾರೋ ಎಂದು ನಮ್ಮ ಹಳ್ಳಿಗಳಲ್ಲಿ ಕೆಲವರು ಆಶ್ಚರ್ಯಪಡಬಹುದು. ಇದ್ದಾರೆ, ಲಕ್ಷಗಟ್ಟಲೆ ಇದ್ದಾರೆ. ಮಕ್ಕಳುಳ್ಳ ಕುಟುಂಬಗಳಿಗೆ ತೆರಿಗೆಯಲ್ಲಿ ಒಂದು ಮೊತ್ತವನ್ನು ಬಿಟ್ಟುಕೊಡುವ ಕಾನೂನು ಅಲ್ಲಿ 1997ರಲ್ಲಿಯೇ ಆಗಿತ್ತು. ಆದರೆ ಅದರೊಳಗೆ ಒಂದು ವಿಪರೀತವಿತ್ತು. ತಕ್ಕಷ್ಟು ಸಂಪಾದಿಸುವವನಿಗೆ ಪೂರ್ಣ ಮೊತ್ತ, ಕಡಿಮೆ ಸಂಪಾದಿಸುವವನಿಗೆ ಕಡಿಮೆ, ಏನೂ ಸಂಪಾದಿಸದವನಿಗೆ ಏನೂ ಇಲ್ಲ. ಹೀಗೆ ಆ ದೇಶದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರಿಗೆ, ತಂದೆತಾಯಿಗಳ ಸಂಪಾದನೆಯು ಸಾಲದೆಂಬ ಕಾರಣದಿಂದಲೇ, ಪೂರ್ಣ ಸಹಾಯವು ದೊರಕದೆ ಇತ್ತು. ತುಂಬಿದ ಕೊಡಕ್ಕೆ ಇನ್ನಷ್ಟು ಹೊಯ್ದು ಬರಿದಾದ ಕೊಡವನ್ನು ಬದಿಗಿಟ್ಟಂತಾಯಿತು.

2021ರ ಮಾರ್ಚಿಯಲ್ಲಿ, ಮಹಾರೋಗದ ದಿನಗಳಲ್ಲಿ, ಅಲ್ಲಿಯ ಸರಕಾರವು ಈ ಕ್ರಮವನ್ನು ಒಂದು ವರ್ಷದ ಮಟ್ಟಿಗೆ ಬದಲಾಯಿಸಿತು. ಆರು ವರ್ಷದೊಳಗಿನ ಮಗುವಿಗೆ ತಿಂಗಳಿಗೆ 300 ಡಾಲರ್, ಅದಕ್ಕಿಂತ ದೊಡ್ಡ ಮಗುವಿಗೆ ಹದಿನೇಳು ವರ್ಷದ ವರೆಗೆ 250 ಡಾಲರ್. ತಂದೆತಾಯಿಗಳಿಗೆ ಸಂಪಾದನೆ ಇಲ್ಲದಿದ್ದರೂ ಪೂರ್ಣವಾಗಿ ಕೊಡಬೇಕೆಂದು ನೇಮಿಸಿತು. ಜುಲೈ 15ರಂದು ಮೊದಲನೆಯ ಕಂತು ಬಂತು. ದಶಂಬರ 15ರಂದು ಆರನೆಯದು. ಸುಮಾರು ಆರು ಕೋಟಿ ಮಕ್ಕಳ ಪಾಲು ಹೀಗೆ ತಿಂಗಳು ತಿಂಗಳು ಮನೆಗೆ ಮುಟ್ಟಿತು. ಆ ವರ್ಷದ ಉಳಿದ ಅರ್ಧ ಮೊತ್ತವು ಮುಂದಿನ ವರ್ಷ ತೆರಿಗೆಯ ಲೆಕ್ಕ ಕೊಡುವಾಗ ಸಿಕ್ಕಿತು.

ಸರಕಾರದ ಸಹಾಯವನ್ನೂ ಕೂಡಿಸಿ ಬಡತನವನ್ನು ಎಣಿಸುವ ಒಂದು ಕ್ರಮ ಅಲ್ಲಿ ಉಂಟು. ಆ ಲೆಕ್ಕದಂತೆ 2020ರಲ್ಲಿ ನೂರು ಮಕ್ಕಳಲ್ಲಿ 9.7 ಮಂದಿ ಬಡವರು. 2021ರಲ್ಲಿ ಅದು 5.2ಕ್ಕೆ ಇಳಿಯಿತು. ಆ ಎಣಿಕೆ ಆರಂಭವಾದಂದಿನಿಂದ ಅಷ್ಟು ಕಡಿಮೆಯಾದದ್ದೇ ಇಲ್ಲ. ಮಹಾರೋಗದ ನಿಮಿತ್ತ ಕೊಟ್ಟ ಬೇರೆ ಹಣವೂ ಇದರಲ್ಲಿ ಸೇರಿದೆಯೆಂದು ಹೇಳುವದು ನ್ಯಾಯ. ಆದರೂ ಮಕ್ಕಳ ಸಹಾಯವನ್ನು ಹೆಚ್ಚಿಸಿದ್ದರಿಂದ ಮಾತ್ರವೇ 21 ಲಕ್ಷ ಮಕ್ಕಳು ಬಡತನದ ಗೆರೆಯನ್ನು ದಾಟಿದರೆಂದು ಅಲ್ಲಿಯ ಜನಗಣತಿಯ ಕಚೇರಿಯು ತೋರಿಸಿತು.

ಆಮೇಲೆ ಏನಾಯಿತು? ಕಾನೂನನ್ನು ಮುಂದುವರಿಸುವದಕ್ಕೆ ಅವರ ಮೇಲ್ಸಭೆಯಲ್ಲಿ ಬೇಕಾದಷ್ಟು ಮತಗಳು ಕೂಡಲಿಲ್ಲ. 2022ರ ಜನವರಿಯಲ್ಲಿ ಕಂತು ಬರಲಿಲ್ಲ. ಆ ವರ್ಷದ ಎಣಿಕೆಯಲ್ಲಿ ನೂರರಲ್ಲಿ 12.4 ಮಕ್ಕಳು ಬಡವರು. ಸುಮಾರು 38 ಲಕ್ಷವಿದ್ದವರು ಸುಮಾರು 90 ಲಕ್ಷವಾದರು. ವಿಧವೆಯ ಮನೆಯಲ್ಲಿ ಎಣ್ಣೆಯು ನಿಂತದ್ದು ಪಾತ್ರೆಗಳು ಮುಗಿದ ಮೇಲೆ. ಇನ್ನೊಂದು ಪಾತ್ರೆಯನ್ನು ತಾ ಎಂದಾಗ ಮಗನು ಇಲ್ಲವೆಂದನು. ಇಲ್ಲಿಯೋ ಪಾತ್ರೆಗಳು ಸಾಲಾಗಿ ಬರಿದಾಗಿ ನಿಂತಿರುವಾಗಲೇ ಹೊಯ್ಯುವ ಕೈ ನಿಂತಿತು. 2025ರ ಜುಲೈಯಲ್ಲಿ ಆದ ಕಾನೂನಿನಿಂದ ಮಗುವೊಂದಕ್ಕೆ ವರ್ಷಕ್ಕೆ 2,200 ಡಾಲರಿನ ವರೆಗೆ ಏರಿಸಿದ್ದು ಹೌದು. ಆದರೆ ಕಡಿಮೆ ಸಂಪಾದಿಸುವವನಿಗೆ ಕಡಿಮೆಯೆಂಬ ಹಳೆಯ ಅಳತೆಯನ್ನು ಹಾಗೆಯೇ ಇಟ್ಟರು.

ಕೊಡಬಾರದೆಂದವರು ಕಲ್ಲೆದೆಯವರೇ ಎಂದು ನಾವು ಹೇಳುವದಿಲ್ಲ. ಪುಕ್ಕಟೆ ಹಣ ಬಂದರೆ ತಂದೆಯು ಕೆಲಸ ಬಿಡುವನು, ಕುಡಿಯುವನು, ತಾಯಿಯು ಸೋಮಾರಿಯಾಗುವಳು ಎಂಬ ಭಯವು ನಮ್ಮಲ್ಲಿಯೂ ಇಲ್ಲವೋ? ಈ ಸಹಾಯವು ಸ್ಥಿರವಾದರೆ ಅನೇಕರು ಕೆಲಸ ಬಿಡುವರೆಂದು ಅಲ್ಲಿಯ ಕೆಲವು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿದರು. ಆ ಆರು ತಿಂಗಳುಗಳನ್ನು ಪರೀಕ್ಷಿಸಿದವರಲ್ಲಿ ಹೆಚ್ಚಿನವರಿಗೆ ಹಾಗೇನೂ ಕಾಣಲಿಲ್ಲ; ಆದರೆ ಆರು ತಿಂಗಳು ಚಿಕ್ಕ ಕಾಲವೇ ಸರಿ. ಹಣವು ಹೋದದ್ದು ಹೆಚ್ಚಾಗಿ ಆಹಾರಕ್ಕೆ, ಬಟ್ಟೆಗೆ, ಬಾಡಿಗೆಗೆ, ಶಾಲೆಯ ಸಾಮಾನಿಗೆ. ಇನ್ನೊಂದು ಪರೀಕ್ಷೆಯೂ ಅದೇ ದೇಶದಲ್ಲಿ ನಡೆಯಿತು. 2018ರಿಂದ 2019ರ ವರೆಗೆ ಹೆರಿಗೆಯಾದ ಸುಮಾರು ಸಾವಿರ ಮಂದಿ ಬಡ ತಾಯಂದಿರಲ್ಲಿ ಕೆಲವರಿಗೆ ತಿಂಗಳಿಗೆ 333 ಡಾಲರ್, ಕೆಲವರಿಗೆ 20 ಡಾಲರ್ ಕೊಡುತ್ತಾ ಬಂದರು. ಹೆಚ್ಚು ಹಣ ಪಡೆದವರು ಕುಡಿತಕ್ಕಾಗಲಿ ತಂಬಾಕಿಗಾಗಲಿ ಹೆಚ್ಚು ಸುರಿಯಲಿಲ್ಲ; ಮಕ್ಕಳಿಗಾಗಿ ಹೆಚ್ಚು ವೆಚ್ಚಮಾಡಿದರು. ಆದರೆ ಮಕ್ಕಳಿಗೆ ನಾಲ್ಕು ವರ್ಷವಾದಾಗ ಮಾತಿನಲ್ಲಿಯೂ ಬುದ್ಧಿಯಲ್ಲಿಯೂ ಎರಡು ಗುಂಪುಗಳಿಗೆ ಸ್ಪಷ್ಟ ಭೇದವು ತೋರಲಿಲ್ಲ. ಇದನ್ನು ಮರೆಮಾಡುವದು ಸರಿಯಲ್ಲ. ರೊಟ್ಟಿಯು ಹಸಿವನ್ನು ನೀಗುವದು; ರೊಟ್ಟಿಯಿಂದ ಪಾಠ ಬರುವದೆಂದು ಯಾರೂ ವಾಗ್ದಾನಮಾಡಬಾರದು. ಹಾಗೆಂದು ಪಾಠ ಬರಲಿಲ್ಲವೆಂದು ರೊಟ್ಟಿಯನ್ನು ಕಸಕೊಳ್ಳಬಹುದೋ?

ಹೊಲದ ಅಂಚುಗಳನ್ನು ಕೊಯ್ಯದೆ ಬಡವರಿಗೆ ಬಿಡಬೇಕೆಂಬ ಮೋಶೆಯ ನೇಮವನ್ನು ನಾವು ಒಂದು ಸಾರಿ ಬೋಧಿಸಿದಾಗ, ಸಭೆಯ ಹಿರಿಯರೊಬ್ಬರು, ಹಕ್ಕಲಾಯುವವರು ಬೊಗ್ಗಿ ಆಯಬೇಕಷ್ಟೇ, ಉಪದೇಶಿಗಳೇ, ಯಾರೂ ಮನೆಗೆ ತಂದು ಸುರಿಯಲಿಲ್ಲವಲ್ಲಾ ಎಂದರು. ಒಳ್ಳೇ ಮಾತು. ಆಗ ಉತ್ತರವು ನಮಗೆ ಹೊಳೆಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಬೋವಜನ ಹೊಲಕ್ಕೆ ರೂತಳು ಹೋದಳು, ಮೂರು ವರ್ಷದ ಕೂಸು ಹೋಗಲಾರದು.

ವಿಧವೆಯ ಮನೆಯ ಪಾತ್ರೆಗಳು ನೆರೆಯವರವು ಎಂಬದನ್ನೂ ಮರೆಯಬಾರದು. ಅಮೇರಿಕದಲ್ಲಿ ತೆರಿಗೆಯ ಕಾಗದ ಕೊಡುವಷ್ಟು ಸಂಪಾದನೆಯಿಲ್ಲದವರು ಈ ಹಣಕ್ಕಾಗಿ ತಾವೇ ಹೆಸರು ಬರಸಬೇಕಾಗಿತ್ತು. ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರಲ್ಲಿ ಕೆಲವರು ಕಾಗದದ ಕೆಲಸ ತಿಳಿಯದೆ ಹೊರಗುಳಿದರು. ನಮ್ಮ ಕರ್ನಾಟಕದಲ್ಲಿ 2023ರ ಆಗಸ್ಟಿನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯು ಆರಂಭವಾದಾಗ (ಅದು ಮಕ್ಕಳನ್ನೆಣಿಸಿ ಕೊಡುವದಲ್ಲ, ಆದರೂ ತಾಯಿಯ ಕೈಗೆ ಸೇರುವದು), ಆಧಾರದಲ್ಲಿ ಒಂದು ಹೆಸರು, ಬೇಂಕಿನ ಪುಸ್ತಕದಲ್ಲಿ ಇನ್ನೊಂದು ಹೆಸರು ಇದ್ದ ಸ್ತ್ರೀಯರು ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಜಗಲಿಗೆ ಬಂದರು. ಕೆಲವರಿಗೆ ಬರೆದುಕೊಟ್ಟೆವು, ಕೆಲವರಿಗೆ ನಾಳೆ ಬನ್ನಿರಿ ಎಂದೆವು.

ಇಷ್ಟು ಬರೆದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಕಳೆದ ಮಳೆಗಾಲದಲ್ಲಿ ಸಭೆಯ ಬಡವರ ನಿಧಿಯಿಂದ ಮಗಳ ಶಾಲೆಯ ಬಟ್ಟೆಗೂ ಪುಸ್ತಕಕ್ಕೂ ಸ್ವಲ್ಪ ಹಣ ಬೇಕೆಂದು ಒಬ್ಬ ತಾಯಿಯು ಬಂದಿದ್ದಳು. ನಾವು ಐದು ಮಂದಿ ಮೇಜಿನ ಹಿಂದೆ ಕೂತಿದ್ದೆವು. ಗಂಡನು ಈಗಲೂ ಕುಡಿಯುತ್ತಾನೋ ಎಂದು ಒಬ್ಬರು ಕೇಳಿದರು. ಎರಡು ಭಾನುವಾರ ಆರಾಧನೆಗೆ ಯಾಕೆ ಬರಲಿಲ್ಲವೆಂದು ಇನ್ನೊಬ್ಬರು. ಅಣ್ಣನ ಮನೆಯವರು ಅನುಕೂಲಸ್ಥರಲ್ಲವೋ ಎಂದು ಕೇಳಿದವರು ನಾವೇ. ಹುಡುಗಿಯು ಕಂಬದ ಹಿಂದೆ ನಿಂತು ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ ಇದ್ದಳು; ಸುಣ್ಣ ಕೆಡಿಸಬೇಡವೆಂದು ಗದರಿಸಿದ್ದೂ ಉಂಟು. ಬೆಳಿಗ್ಗೆ ಏನು ತಿಂದಿ ಎಂದು ಆಕೆಯನ್ನು ಯಾರೂ ಕೇಳಲಿಲ್ಲ. ವಿಚಾರಮಾಡಿ ತಿಳಿಸುವೆವೆಂದು ಬರಕೊಂಡೆವು. ತಾಯಿಯು ಮತ್ತೆ ಬರಲಿಲ್ಲ.

ಆ ಅರ್ಜಿಯು ನಿಧಿಯ ಪುಸ್ತಕದಲ್ಲಿ ಇನ್ನೂ ಮಡಿಚಿದ ಹಾಗೆಯೇ ಇದೆ. ಬರುವ ಭಾನುವಾರ ಆರಾಧನೆಯಾದ ಮೇಲೆ ಹಿರಿಯರು ಒಂದು ಗಳಿಗೆ ನಿಲ್ಲಬೇಕೆಂದು ಕೇಳಿಕೊಂಡಿದ್ದೇವೆ.