ನಾಮಕರಣಕ್ಕೆ ತೆತ್ತ ಪ್ರಾಣ

ಬೇತಮಂಗಲದ ಕೆರೆಯ ಏರಿಯ ಮೇಲೆ, ಮೊದಲ ಮಳೆ ಬಿದ್ದ ಸಂಜೆ ದೀಪವೊಂದನ್ನು ಹಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಹುಳುಗಳು ಅದನ್ನು ಮುತ್ತಿಕೊಳ್ಳುತ್ತವೆ. ಸಾಸಿವೆ ಕಾಳಿಗಿಂತ ಸಣ್ಣ ಜೀರುಂಡೆಗಳು ಬೆಳಕಿಗೆ ಹಾರಿ ಬಂದು ಬೀಳುತ್ತವೆ. ಇಂತಹ ಜೀವಗಳು ಅನ್ನದಲ್ಲಿ ಬಿದ್ದು ಸಾಯಬಾರದೆಂದೇ ಶ್ರಾವಕನು ರಾತ್ರಿಭೋಜನವನ್ನು ತ್ಯಜಿಸುತ್ತಾನೆ. ಕೀಟಶಾಸ್ತ್ರಜ್ಞನೂ ಅದೇ ದೀಪವನ್ನು ಹಚ್ಚುತ್ತಾನೆ. ಅದರ ಹಿಂದೆ ಬಿಳಿಯ ಬಟ್ಟೆಯನ್ನು ಕಟ್ಟಿ, ಹುಳುಗಳು ಬರಲೆಂದೇ ಕಾಯುತ್ತಾನೆ.

ಹೊಸ ಜೀರುಂಡೆಯೊಂದನ್ನು ಲೋಕಕ್ಕೆ ತಿಳಿಸುವ ಕ್ರಮವನ್ನು ಮೊದಲು ಅರಿಯಬೇಕು. ಕಾಡಿನ ನೆಲದ ತರಗೆಲೆಗಳನ್ನು ಜರಡಿಯಾಡಿ, ಉಳಿದ ಪುಡಿಯನ್ನು ಆಲಿಕೆಯೊಳಗಿಟ್ಟು ಮೇಲೆ ದೀಪವನ್ನು ಉರಿಸುತ್ತಾರೆ. ಬಿಸಿಯನ್ನೂ ಒಣಗುವಿಕೆಯನ್ನೂ ತಾಳಲಾರದ ಜೀವಿಗಳು ಕೆಳಕೆಳಗೆ ಸರಿದು, ಕೊನೆಗೆ ಮದ್ಯಸಾರದ ಸೀಸೆಯಲ್ಲಿ ಬೀಳುತ್ತವೆ. ಬೇಕಾದುದು ಒಂದು ಜಾತಿ. ಬಿದ್ದು ಸಾಯುವವು ನೂರಾರು. ಜಲಗಾಲನ ವ್ರತದಲ್ಲಿಯೂ ಸೋಸುವ ಕ್ರಿಯೆಯುಂಟು. ಆದರೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸತಕ್ಕದ್ದೆಂಬ ವಿಧಿಯೂ ಅದರೊಡನೆ ಇದೆ.

ಹೀಗೆ ಸಿಕ್ಕವುಗಳಲ್ಲಿ ಒಂದನ್ನು ಆ ಜಾತಿಯ ಹೆಸರಿಗೆ ಆಧಾರವಾಗಿ ಆರಿಸಿ ಸಂಗ್ರಹಾಲಯದಲ್ಲಿ ಇರಿಸುತ್ತಾರೆ. ಅದಕ್ಕೆ ಹೋಲೋಟೈಪ್ ಎಂದು ಹೆಸರು. 2000ನೆಯ ಇಸವಿಯಿಂದೀಚೆಗೆ ಇಂತಹ ಆಧಾರ ಮಾದರಿಯನ್ನು ಸ್ಪಷ್ಟವಾಗಿ ನಿರ್ದೇಶಿಸದೆ ಹೊಸ ಪ್ರಾಣಿಜಾತಿಯ ಹೆಸರು ಸಿಂಧುವಾಗದೆಂದು ಅಂತಾರಾಷ್ಟ್ರೀಯ ನಿಯಮವಿದೆ. ನಿಕರಾಗುವಾದಲ್ಲಿ ದೊರೆತು 1999ರಲ್ಲಿ ಹೆಸರು ಪಡೆದ ಸ್ಕೈಡೊಸೆಲ್ಲಾ ಎಂಬ ಜೀರುಂಡೆಯ ಅತಿ ಚಿಕ್ಕ ದೇಹದ ಉದ್ದ 0.325 ಮಿಲಿಮೀಟರ್ ಎಂದು 2015ರಲ್ಲಿ ಅಳೆಯಲಾಯಿತು. ಅಂತಹ ಮೂರನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ತುಂಬುವುದಿಲ್ಲ. ಅದಕ್ಕೂ ಕಾಲು, ಮೀಸೆ, ರೆಕ್ಕೆ, ನರಮಂಡಲ ಎಲ್ಲವೂ ಉಂಟು. ಆಗಮದ ವರ್ಗೀಕರಣದಲ್ಲಿ ದುಂಬಿಯು ಚತುರಿಂದ್ರಿಯ ಜೀವ. ತರಗೆಲೆಯಡಿಯ ಕೆಲವು ಜೀರುಂಡೆಗಳಿಗಾದರೋ ಕಣ್ಣೇ ಇಲ್ಲ. ಅವನ್ನು ತ್ರೀಂದ್ರಿಯಗಳಲ್ಲಿ ಎಣಿಸಬೇಕೇ ಎಂಬುದು ಪಂಡಿತರು ಚರ್ಚಿಸಬಹುದಾದ ವಿಷಯ. ಎರಡರಲ್ಲಿ ಯಾವುದೇ ಆದರೂ ಅದು ತ್ರಸಜೀವವೇ.

ಅಣುವ್ರತಗಳನ್ನು ಸ್ವೀಕರಿಸಿದ ತರುಣನೊಬ್ಬನು ಬೇತಮಂಗಲದಂತಹ ಊರಿನಿಂದ ಬೆಂಗಳೂರಿಗೆ ಕೀಟಶಾಸ್ತ್ರವನ್ನು ಕಲಿಯಲು ಹೊರಟಿದ್ದಾನೆಂದು ಭಾವಿಸೋಣ. ಅವನು ಈ ಸೀಸೆಯನ್ನು ಕೈಗೆತ್ತಿಕೊಳ್ಳಬಹುದೇ? ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ವಾಚಕರಿಗೆ ತಿಳಿದೇ ಇದೆ. ಗೃಹಸ್ಥನಿಗೆ ಪೂರ್ಣವಾಗಿ ನಿಷಿದ್ಧವಾದುದು ಸಂಕಲ್ಪೀ ಹಿಂಸೆ. ಇದು ಅವನ ವೃತ್ತಿಯಾದುದರಿಂದ ಉದ್ಯೋಗೀ ಹಿಂಸೆಯೆಂದು ಕೆಲವರು ಸಮಾಧಾನ ಹೇಳಬಹುದು. ಈ ಸಮಾಧಾನ ಸಾಲದು. ನೇಗಿಲಿಗೆ ಸಿಕ್ಕಿ ಹುಳು ಸತ್ತರೆ ಆ ಸಾವು ರೈತನಿಗೆ ಬೇಕಾಗಿರಲಿಲ್ಲ. ಹುಳು ಬದುಕಿದ್ದರೂ ಅವನ ಬೆಳೆ ಬೆಳೆಯುತ್ತಿತ್ತು. ಸೀಸೆಯಲ್ಲಿ ಬಿದ್ದ ಹುಳು ಸಾಯದಿದ್ದರೆ ಶಾಸ್ತ್ರಜ್ಞನ ಕೆಲಸವೇ ಸಾಗದು. ಸಾವೇ ಅಲ್ಲಿ ಸಾಧನ. ಅದು ಸಂಕಲ್ಪಕ್ಕೆ ಬಹು ಸಮೀಪವಾದುದು.

ಇನ್ನೊಂದು ವಾದವು ಇದಕ್ಕಿಂತ ಬಲವಾದುದು. ಹೆಸರಿಲ್ಲದ ಜೀವಿಯನ್ನು ಯಾವ ಕಾನೂನೂ ಕಾಯದು ಎಂಬುದು ಆ ವಾದ. ಕೋಲಾರ ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನವಿದೆ. ಹನುಮನಹಳ್ಳಿಯ ಎಲೆಮೂಗಿನ ಬಾವಲಿಯನ್ನು ಕಾಕ್ ಮತ್ತು ಎಚ್.ಆರ್. ಭಟ್ ಎಂಬವರು 1994ರಲ್ಲಿ, ಹಿಡಿದ ಮಾದರಿಗಳ ಆಧಾರದಿಂದ, ಹೊಸ ಜಾತಿಯೆಂದು ವರ್ಣಿಸಿದರು. ಈಗ ಅದು ಅಲ್ಲಿಯ ಗುಹೆಯೊಂದರಲ್ಲಿ ಮಾತ್ರ ಉಳಿದಿರುವುದಾಗಿ ತಿಳಿದಿದೆ. ಗ್ರಾನೈಟ್ ಗಣಿಗಾರಿಕೆ ಅದಕ್ಕೆ ಕಂಟಕವಾದಾಗ, ಇಂತಹದೊಂದು ಜೀವಿ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲವೆಂದು ಹೇಳಲು ಸಾಧ್ಯವಾದದ್ದು ಆ ನಾಮಕರಣದಿಂದ. ದಯೆಗೆ ಜ್ಞಾನವೇ ಪೂರ್ವಭಾವಿಯೆಂದು ದಶವೈಕಾಲಿಕ ಸೂತ್ರದ ಅಭಿಪ್ರಾಯವೂ ಇದೆಯಲ್ಲವೇ ಎಂದು ಆ ತರುಣನು ಕೇಳಿದರೆ ತಳ್ಳಿಹಾಕುವಂತಿಲ್ಲ.

ಆದರೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇಂತಹ ಲೆಕ್ಕಾಚಾರವನ್ನೇ ಎದುರಿಸಿದ್ದಾರೆ. ಒಂದು ಹಿಂಸ್ರಪ್ರಾಣಿಯನ್ನು ಕೊಂದರೆ ಅನೇಕ ಜೀವಗಳು ಉಳಿದಾವೆಂದು ಬಗೆದು ಅದನ್ನು ಕೊಲ್ಲಲಾಗದೆಂಬುದು ಅವರ ನಿರ್ಣಯ. ಹಿಂಸ್ರಪ್ರಾಣಿಯ ವಿಷಯದಲ್ಲಿಯೇ ಹೀಗಿರುವಾಗ, ಯಾರಿಗೂ ಕೇಡೆಣಿಸದೆ ಬೂಷ್ಟನ್ನು ತಿಂದು ಬದುಕುವ ಜೀರುಂಡೆಯ ಗತಿಯೇನು? ಬಾವಲಿಗೆ ಒದಗಿದ ಉಪಕಾರ ನಿಜ; ಅದರಿಂದ ಹಿಂಸೆಯು ಹಿಂಸೆಯಲ್ಲದೆ ಹೋಗದು.

ಕೊಲ್ಲದೆ ಹೆಸರಿಟ್ಟವರೂ ಇದ್ದಾರೆ. ಅರುಣಾಚಲದ ಈಗಲ್‌ನೆಸ್ಟ್ ಕಾಡಿನಲ್ಲಿ ಕಂಡ ಬುಗುನ್ ಲಿಯೊಸಿಕ್ಲಾ ಎಂಬ ಹಕ್ಕಿಯನ್ನು ರಮಣ ಆತ್ರೇಯರು 2006ರಲ್ಲಿ ವರ್ಣಿಸಿದಾಗ, ಬಲೆಗೆ ಬಿದ್ದ ಹಕ್ಕಿಯ ಚಿತ್ರ ತೆಗೆದು, ಗರಿಗಳನ್ನು ಇಟ್ಟುಕೊಂಡು, ಹಕ್ಕಿಯನ್ನು ಹಾರಿಬಿಟ್ಟರು. 2015ರಲ್ಲಿ ದಕ್ಷಿಣ ಆಫ್ರಿಕದ ನೊಣವೊಂದಕ್ಕೆ ಛಾಯಾಚಿತ್ರಗಳ ಆಧಾರದಿಂದಲೇ ಹೆಸರಿಟ್ಟರು. ಅದರ ಮೇಲೆ ವಿದ್ವಾಂಸರಲ್ಲಿ ದೊಡ್ಡ ವಿವಾದವೂ ಎದ್ದಿತು. ಸೂಕ್ಷ್ಮ ಜೀರುಂಡೆಗೆ ಈ ಮಾರ್ಗ ಸುಲಭವಲ್ಲ. ಹೊರನೋಟಕ್ಕೆ ಒಂದೇ ತೆರನಾದ ಎರಡು ಜಾತಿಗಳನ್ನು ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಎಷ್ಟೋ ವೇಳೆ ಬೇರ್ಪಡಿಸಬೇಕಾಗುತ್ತದೆ.

ಆದರೂ ಆ ತರುಣನಿಗೆ ಒಂದು ದಾರಿಯಿದೆ. ಜಗತ್ತಿನ ಸಂಗ್ರಹಾಲಯಗಳಲ್ಲಿ ಎಂದೋ ಸತ್ತ, ಇನ್ನೂ ಹೆಸರು ಕಾಣದ ಕೀಟಗಳು ರಾಶಿರಾಶಿಯಾಗಿವೆ. ಒಂದು ಹೊಸ ಜಾತಿಯ ಮಾದರಿಯು ಸಂಗ್ರಹಕ್ಕೆ ಸೇರಿದ ಮೇಲೆ ವರ್ಣನೆ ಹೊರಬೀಳಲು ಸರಾಸರಿ 21 ವರ್ಷ ಹಿಡಿಯುತ್ತದೆಂದು 2012ರಲ್ಲಿ ಪ್ರಕಟವಾದ ಗಣನೆಯೊಂದು ತಿಳಿಸಿತು. ಉತ್ತರ ಕನ್ನಡದ ಕಾಡುಗಳಲ್ಲಿ ಅರಣ್ಯಾಧಿಕಾರಿ ಬೆಲ್ ಅವರು ಕೂಡಿಸಿದ ಜೀರುಂಡೆಗಳು ಲಂಡನ್ನಿಗೆ ಹೋದವು. ಅಲ್ಲಿ ಆಂಡ್ರ್ಯೂಸ್ ಎಂಬ ವಿದ್ವಾಂಸರು ಅವನ್ನು ಪರೀಕ್ಷಿಸಿದರು. ಬೆಂಗಳೂರಿನಲ್ಲಿಯೂ ಕೃಷಿ ವಿಶ್ವವಿದ್ಯಾನಿಲಯವೇ ಮೊದಲಾದೆಡೆ ಕೀಟಸಂಗ್ರಹಗಳಿವೆ. ಸತ್ತದ್ದನ್ನು ಓದಿ ಮುಗಿಸುವುದಕ್ಕೇ ಒಂದು ಆಯುಷ್ಯ ಸಾಲದಿರುವಾಗ ಹೊಸ ಸೀಸೆಗೆ ಅವಸರವೇನು? ಮುಂದೆಂದಾದರೂ ಅನಿವಾರ್ಯವಾಗಿ ಒಂದು ಜೀವವನ್ನು ತೆಗೆಯಬೇಕಾಗಿ ಬಂದರೆ, ಅದನ್ನು ಉಪಕಾರವೆಂದು ಕರೆದುಕೊಳ್ಳದೆ, ಅಂದಿನ ಪ್ರತಿಕ್ರಮಣದಲ್ಲಿ ದೋಷವೆಂದೇ ಎಣಿಸತಕ್ಕದ್ದು. ಆಲಿಕೆಯನ್ನಂತೂ ಅವನು ಮುಟ್ಟಬಾರದು. ತರಗೆಲೆಯನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ, ಕಣ್ಣಿನಿಂದಲೇ ಹುಡುಕಿ, ನೋಡಿಯಾದ ಮೇಲೆ ಬಿಸಿಲೇರುವ ಮುನ್ನ ಎಲೆಗಳನ್ನು ಅದೇ ಮರದ ಬುಡಕ್ಕೆ ಸುರಿದು ಬರಬೇಕು.